ವಿಭಕ್ತಿಯೊಳಗಿನ ರಾಜಮಾತೆ: ಅಗ್ರಿಪ್ಪಿನಾಳ ನಾಣ್ಯಗಳನ್ನು ಓದುವ ಬಗೆ

1

ರೋಮನ್ ರಾಜಮನೆತನದ ಸ್ತ್ರೀಯರನ್ನು ಕುರಿತ ಗ್ರಂಥಗಳಲ್ಲಿ ಒಂದು ನಾಣ್ಯದ ಚಿತ್ರ ಮತ್ತೆ ಮತ್ತೆ ಅಚ್ಚಾಗುತ್ತ ಬಂದಿದೆ. ಕ್ರಿ.ಶ. 54ರ ಕೊನೆಯ ತಿಂಗಳುಗಳಲ್ಲಿ ಚಿನ್ನ ಮತ್ತು ಬೆಳ್ಳಿಗಳಲ್ಲಿ ಹೊರಬಂದ ನಾಣ್ಯದ ಮುಂಬದಿಯ ಚಿತ್ರವದು. ಎಡಗಡೆ ಹದಿನಾರು ವರ್ಷದ ಹೊಸ ಚಕ್ರವರ್ತಿ ನೀರೋ, ಬಲಗಡೆ ಆತನ ತಾಯಿ ಅಗ್ರಿಪ್ಪಿನಾ. ಇಬ್ಬರೂ ಎದುರುಬದುರಾಗಿ, ಹೆಚ್ಚುಕಡಿಮೆ ಒಂದೇ ಗಾತ್ರದಲ್ಲಿ, ಒಬ್ಬರನ್ನೊಬ್ಬರು ನೋಡುತ್ತಿದ್ದಾರೆ. ಇಬ್ಬರ ತಲೆಯ ಮೇಲೂ ಕಿರೀಟವಿಲ್ಲ. ಸುಮಾರು ಹದಿನೆಂಟು ಮಿಲಿಮೀಟರ್ ವ್ಯಾಸದ ಲೋಹದ ಬಿಲ್ಲೆಯೊಂದರ ಮೇಲೆ ತಾಯಿ ಮಕ್ಕಳಿಬ್ಬರೂ ಸಾಮ್ರಾಜ್ಯವನ್ನು ಸಮಪಾಲಾಗಿ ಹಂಚಿಕೊಂಡಂತೆ ತೋರುತ್ತದೆ.

ಈ ಚಿತ್ರವನ್ನು ವಿವರಿಸುವ ಬರಹಗಳು ಸಾಮಾನ್ಯವಾಗಿ ಎರಡು ದಾರಿಗಳಲ್ಲಿ ಒಂದನ್ನು ಹಿಡಿಯುತ್ತವೆ. ಮಗನನ್ನು ಮುಂದಿಟ್ಟುಕೊಂಡು ತಾನೇ ಆಳಲು ಹೊರಟ ಅಧಿಕಾರದಾಹಿ ತಾಯಿಯ ಸಾಕ್ಷ್ಯ ಇದು ಎಂಬುದು ಮೊದಲನೆಯದು, ಇದು ಹಳೆಯದು. ಪುರುಷಪ್ರಧಾನವಾದ ರೋಮಿನಲ್ಲಿ ಹೆಣ್ಣೊಬ್ಬಳು ತನ್ನ ಸ್ಥಾನವನ್ನು ತಾನೇ ಗಳಿಸಿಕೊಂಡ ವಿಜಯದ ಗುರುತು ಇದು ಎಂಬುದು ಎರಡನೆಯದು, ಇದು ಈಚಿನದು. ಮೇಲುನೋಟಕ್ಕೆ ಇವು ಪರಸ್ಪರ ವಿರುದ್ಧವಾದ ನಿಲುವುಗಳು. ಆದರೆ ಒಂದು ವಿಷಯದಲ್ಲಿ ಇವೆರಡೂ ಒಂದೇ. ಎರಡೂ ಚಿತ್ರವನ್ನು ನೋಡುತ್ತವೆ, ಅಕ್ಷರವನ್ನು ಓದುವುದಿಲ್ಲ. ಚಿತ್ರದ ಸುತ್ತ ಕೊರೆದ ಒಕ್ಕಣೆಯನ್ನು ಅವು ವಿಳಾಸದಂತೆ ಬಳಸುತ್ತವೆ. ಯಾರ ಮುಖ ಎಂದು ತಿಳಿದ ಕೂಡಲೇ ಅದರ ಕೆಲಸ ಮುಗಿಯಿತು ಎಂದು ಭಾವಿಸುತ್ತವೆ.

ಶಾಸನಗಳ ಅಧ್ಯಯನದಲ್ಲಿ ಪಳಗಿದ ಕನ್ನಡ ಸಂಶೋಧಕರಿಗೆ ಈ ಉಪೇಕ್ಷೆ ವಿಚಿತ್ರವೆನಿಸಬೇಕು. ಶಾಸನವೊಂದರಲ್ಲಿ ಹೆಸರು ಯಾವುದೆಂದು ಕಂಡುಕೊಂಡ ಮೇಲೆ, ಆ ಹೆಸರು ಯಾವ ವಿಭಕ್ತಿಯಲ್ಲಿದೆ ಎಂದು ಕೇಳದೆ ನಾವು ಮುಂದೆ ಹೋಗುವುದಿಲ್ಲ. ಕೊಟ್ಟವರು ಯಾರು, ಪಡೆದವರು ಯಾರು, ಯಾರ ಮಗ, ಯಾರ ಮಡದಿ ಎಂಬುದೆಲ್ಲ ಪ್ರತ್ಯಯದಲ್ಲಿರುತ್ತದೆ. ಲ್ಯಾಟಿನ್ ಕೂಡ ವಿಭಕ್ತಿಗಳ ಭಾಷೆ. ಅಗ್ರಿಪ್ಪಿನಾಳ ನಾಣ್ಯಗಳನ್ನು ಈ ದೃಷ್ಟಿಯಿಂದ ಓದಿದರೆ ಮೇಲಿನ ಎರಡು ನಿಲುವುಗಳಿಗಿಂತ ಬೇರೆಯಾದ, ಇನ್ನಷ್ಟು ಜಟಿಲವಾದ ಚಿತ್ರ ದೊರೆಯುತ್ತದೆ ಎಂಬುದು ನಮ್ಮ ವಾದ.

2

ಮೊದಲಿಗೆ ವ್ಯಕ್ತಿಯ ಪರಿಚಯವನ್ನು ಸಂಕ್ಷೇಪವಾಗಿ ಮಾಡಿಕೊಳ್ಳಬಹುದು. ಅಗ್ರಿಪ್ಪಿನಾ ಅಗಸ್ಟಸ್ ಚಕ್ರವರ್ತಿಯ ಮರಿಮಗಳು, ಸೇನಾನಿ ಜರ್ಮನಿಕಸನ ಮಗಳು, ಕ್ಯಾಲಿಗುಲನ ತಂಗಿ. ಕ್ರಿ.ಶ. 49ರಲ್ಲಿ ತನ್ನ ಚಿಕ್ಕಪ್ಪನೇ ಆಗಿದ್ದ ಕ್ಲಾಡಿಯಸ್ ಚಕ್ರವರ್ತಿಯನ್ನು ಮದುವೆಯಾದಳು. ಮರುವರ್ಷ ಆಕೆಗೆ 'ಆಗಸ್ಟಾ' ಎಂಬ ಬಿರುದು ದೊರೆಯಿತು. ಅಗಸ್ಟಸನ ಮಡದಿ ಲಿವಿಯಾಳಿಗೆ ಈ ಬಿರುದು ಬಂದದ್ದು ಗಂಡನ ಮರಣಾನಂತರ. ಗಂಡ ಸಿಂಹಾಸನದಲ್ಲಿ ಇರುವಾಗಲೇ ಅದನ್ನು ಪಡೆದ ಮೊದಲ ಚಕ್ರವರ್ತಿಪತ್ನಿ ಅಗ್ರಿಪ್ಪಿನಾ. ಅದೇ 50ರಲ್ಲಿ ಆಕೆಯ ಹಿಂದಿನ ಮದುವೆಯ ಮಗ ನೀರೋವನ್ನು ಕ್ಲಾಡಿಯಸ್ ದತ್ತು ತೆಗೆದುಕೊಂಡನು. 54ರ ಅಕ್ಟೋಬರ್ 13ರಂದು ಕ್ಲಾಡಿಯಸ್ ತೀರಿಕೊಂಡು ನೀರೋ ಪಟ್ಟಕ್ಕೆ ಬಂದನು. ಸತ್ತ ಕ್ಲಾಡಿಯಸನಿಗೆ ಸೆನೆಟ್ ದೈವತ್ವವನ್ನು ನೀಡಿತು. ಆ ಹೊಸ ದೇವರ ಅರ್ಚಕಿಯಾಗಿ ಅಗ್ರಿಪ್ಪಿನಾಳೇ ನೇಮಕಗೊಂಡಳು. ಐದು ವರ್ಷ ಕಳೆಯುವುದರೊಳಗೆ, 59ರಲ್ಲಿ, ಮಗನ ಆಜ್ಞೆಯಿಂದಲೇ ಆಕೆಯ ಕೊಲೆಯಾಯಿತು.

ಈ ಬದುಕನ್ನು ನಮಗೆ ತಲುಪಿಸಿದ ಪ್ರಮುಖ ಲೇಖಕ ಟ್ಯಾಸಿಟಸ್. ಆತ ಬರೆದದ್ದು ಘಟನೆಗಳು ನಡೆದು ಸುಮಾರು ಅರುವತ್ತು ವರ್ಷಗಳ ನಂತರ. ಅಗ್ರಿಪ್ಪಿನಾ ಸ್ವತಃ ತನ್ನ ಹಾಗೂ ತನ್ನ ಮನೆತನದ ವೃತ್ತಾಂತವನ್ನು ಬರೆದಿದ್ದಳೆಂಬುದನ್ನು, ಅದನ್ನು ತಾನು ನೋಡಿದ್ದೇನೆಂಬುದನ್ನು ಟ್ಯಾಸಿಟಸನೇ ತಿಳಿಸುತ್ತಾನೆ. ಆ ಕೃತಿ ಇಂದು ಉಳಿದಿಲ್ಲ. ಆಕೆಯನ್ನು ಕುರಿತು ಇತರರು ಬರೆದದ್ದು ಉಳಿಯಿತು, ಆಕೆ ಬರೆದದ್ದು ನಾಶವಾಯಿತು. ಆದುದರಿಂದಲೇ ಆಕೆಯ ಕಾಲದ, ಆಕೆಯ ಹೆಸರನ್ನು ಹೊತ್ತ ನಾಣ್ಯಗಳಿಗೆ ವಿಶೇಷ ಮಹತ್ವ ಬಂದಿದೆ. ಅವುಗಳ ಮೇಲೆ ಅತಿಯಾದ ಭಾರವನ್ನು ಹೊರಿಸುವ ಪ್ರವೃತ್ತಿಯೂ ಅಲ್ಲಿಂದಲೇ ಹುಟ್ಟಿದೆ.

3

ಈಗ ನಾಣ್ಯಗಳನ್ನು ಕ್ರಮವಾಗಿ ನೋಡೋಣ. ಪರಿಶೀಲನೆಗೆ ನಾವು ನಾಲ್ಕನ್ನು ಆರಿಸಿಕೊಂಡಿದ್ದೇವೆ.

ಮೊದಲನೆಯದು ಕ್ಲಾಡಿಯಸನ ಆಳ್ವಿಕೆಯ ಕೊನೆಯ ವರ್ಷಗಳದು. ಮುಂಬದಿಯಲ್ಲಿ ಚಕ್ರವರ್ತಿಯ ತಲೆ, ಆತನ ಹೆಸರು, ಬಿರುದುಗಳು. ಹಿಂಬದಿಯಲ್ಲಿ ಅಗ್ರಿಪ್ಪಿನಾಳ ಮುಖ; ತಲೆಯ ಮೇಲೆ ಧಾನ್ಯದ ತೆನೆಗಳ ಕಿರೀಟ. ತೆನೆ ಸೆರಿಸ್ ದೇವತೆಯ ಲಾಂಛನ. ಒಕ್ಕಣೆ ಎರಡೇ ಪದಗಳದು: 'ಅಗ್ರಿಪ್ಪಿನಾಯ್ ಆಗುಸ್ತಾಯ್'. ಲ್ಯಾಟಿನ್ನಿನಲ್ಲಿ ಈ ರೂಪ ಷಷ್ಠಿಯೂ ಆಗಬಹುದು, ಚತುರ್ಥಿಯೂ ಆಗಬಹುದು. ವಿದ್ವಾಂಸರು ಇದನ್ನು ಚತುರ್ಥಿಯೆಂದೇ ಗ್ರಹಿಸುತ್ತಾರೆ. 'ಅಗ್ರಿಪ್ಪಿನಾ ಆಗಸ್ಟಾಳಿಗೆ' ಎಂದರ್ಥ.

ಎರಡನೆಯದೂ ಅದೇ ಕಾಲದ್ದು. ಇಲ್ಲಿ ಕ್ಲಾಡಿಯಸ್ ಇಲ್ಲ. ಮುಂಬದಿಯಲ್ಲಿ ತೆನೆಯ ಕಿರೀಟದ ಅಗ್ರಿಪ್ಪಿನಾ ಅದೇ ಚತುರ್ಥಿಯ ಒಕ್ಕಣೆಯೊಡನೆ ಇದ್ದಾಳೆ. ಹಿಂಬದಿಯಲ್ಲಿ ಬಾಲಕ ನೀರೋ ಇದ್ದಾನೆ. ಆತನ ಹೆಸರು ಪ್ರಥಮಾ ವಿಭಕ್ತಿಯಲ್ಲಿದೆ. ಜೊತೆಗೆ 'ಯುವಜನರ ಅಗ್ರಣಿ' ಎಂಬರ್ಥದ ಬಿರುದಿದೆ. ತಾಯಿ 'ಗೆ' ಪ್ರತ್ಯಯದಲ್ಲಿ, ಮಗ ಕರ್ತೃಸ್ಥಾನದಲ್ಲಿ.

ಮೂರನೆಯದು ಆರಂಭದಲ್ಲಿ ಹೇಳಿದ 54ರ ನಾಣ್ಯ. ಇಲ್ಲಿ ಎಲ್ಲವೂ ತಿರುಗುಮುರುಗಾಗಿದೆ. ಎರಡು ಮುಖಗಳಿರುವ ಮುಂಬದಿಯಲ್ಲಿ ಒಕ್ಕಣೆ ಹೀಗಿದೆ: 'ಅಗ್ರಿಪ್ ಆಗ್ ದೀವಿ ಕ್ಲಾಡ್ ನೆರೋನಿಸ್ ಕೈಸ್ ಮಾತೆರ್'. 'ಅಗ್ರಿಪ್ಪಿನಾ ಆಗಸ್ಟಾ, ದೈವತ್ವಕ್ಕೇರಿದ ಕ್ಲಾಡಿಯಸನ, ನೀರೋ ಸೀಸರನ ತಾಯಿ' ಎಂದು ಇದರ ತಾತ್ಪರ್ಯ. ಆಕೆಯ ಹೆಸರು ಸಂಕ್ಷಿಪ್ತವಾಗಿರುವುದರಿಂದ ಅದರ ಪ್ರತ್ಯಯ ಕಾಣುವುದಿಲ್ಲ. ಆದರೆ ಕೊನೆಯ ಪದ ಪೂರ್ಣವಾಗಿದೆ. 'ಮಾತೆರ್' ಎಂಬುದು ನಿಸ್ಸಂದೇಹವಾಗಿ ಪ್ರಥಮಾ ವಿಭಕ್ತಿ. ನಮ್ಮ 'ಮಾತೃ' ಶಬ್ದದ ದೂರದ ಬಂಧುವಾದ ಈ ಪದವೇ ಇಡೀ ಒಕ್ಕಣೆಯ ಅನ್ವಯವನ್ನು ನಿರ್ಧರಿಸುತ್ತದೆ. ಎರಡು ಮುಖಗಳ ಸುತ್ತ ಇರುವ ಏಕೈಕ ಕರ್ತೃಪದ ತಾಯಿಯದು. ಮಗನ ಹೆಸರು ಅಲ್ಲಿ ಬರುವುದು ಷಷ್ಠಿಯಲ್ಲಿ, ಆಕೆ ಯಾರ ತಾಯಿ ಎಂಬುದನ್ನು ತಿಳಿಸುವ ಸಲುವಾಗಿ. ನಾಣ್ಯದ ಹಿಂಬದಿಯಲ್ಲಿ ಮುಖವಿಲ್ಲ. ಓಕ್ ಎಲೆಗಳ ಹಾರವೊಂದಿದೆ. ಅದರ ಸುತ್ತ 'ನೆರೋನಿ' ಎಂದು ಆರಂಭವಾಗುವ ಚಕ್ರವರ್ತಿಯ ಬಿರುದಾವಳಿ, ಒಳಗೆ 'ಸೆನೆಟ್ಟಿನ ನಿರ್ಣಯದಂತೆ' ಎಂಬರ್ಥದ ಸಂಕ್ಷೇಪಾಕ್ಷರಗಳು. 'ನೆರೋನಿ' ಎಂದರೆ 'ನೀರೋವಿಗೆ'. ಈಗ ಚತುರ್ಥಿಯಲ್ಲಿರುವವನು ಮಗ.

ನಾಲ್ಕನೆಯದು 55ರ ನಾಣ್ಯ. ಇದರ ಕಾಲವನ್ನು ನಿರ್ಣಯಿಸಲು ಯಾವ ಇತಿಹಾಸಕಾರನ ನೆರವೂ ಬೇಕಿಲ್ಲ. ನೀರೋವಿನ ಬಿರುದುಗಳಿಗೆ 'ಕಾನ್ಸಲ್' ಎಂಬುದು ಇಲ್ಲಿ ಸೇರಿದೆ. ಆತ ಮೊದಲ ಬಾರಿಗೆ ಕಾನ್ಸಲ್ ಆದದ್ದು 55ರ ಜನವರಿ 1ರಂದು. ಮುಂಬದಿಯಲ್ಲಿ ತಾಯಿ ಮಗ ಇಬ್ಬರೂ ಇದ್ದಾರೆ, ಆದರೆ ಎದುರುಬದುರಾಗಿ ಅಲ್ಲ. ಇಬ್ಬರೂ ಬಲಕ್ಕೆ ತಿರುಗಿದ್ದಾರೆ. ಮುಂದೆ ನೀರೋ, ಆತನ ಹಿಂದಿನಿಂದ ತುಸುವೇ ಇಣುಕುವ ಅಂಚಿನಂತೆ ಅಗ್ರಿಪ್ಪಿನಾ. ಸುತ್ತಲಿನ ಒಕ್ಕಣೆ ಈಗ ನೀರೋವಿನದು, ಪ್ರಥಮಾ ವಿಭಕ್ತಿಯಲ್ಲಿ. ಹಿಂಬದಿಯಲ್ಲಿ ನಾಲ್ಕು ಆನೆಗಳು ಎಳೆಯುವ ರಥ, ಅದರಲ್ಲಿ ಎರಡು ಪೀಠಗಳ ಮೇಲೆ ಇಬ್ಬರು ದೇವಪುರುಷರು. ಇವರನ್ನು ಅಗಸ್ಟಸ್ ಮತ್ತು ಕ್ಲಾಡಿಯಸ್ ಎಂದು ಗುರುತಿಸಲಾಗಿದೆ. ಅದರ ಸುತ್ತ ಅಗ್ರಿಪ್ಪಿನಾಳ ಒಕ್ಕಣೆ, ಹಿಂದಿನ ನಾಣ್ಯದಲ್ಲಿದ್ದಂತೆಯೇ, ಅಕ್ಷರಕ್ಕೆ ಅಕ್ಷರ ಅದೇ.

ಇದಾದ ಮೇಲೆ ನೀರೋವಿನ ಸಾಮ್ರಾಜ್ಯದ ಚಿನ್ನ ಬೆಳ್ಳಿಗಳ ಮೇಲೆ ಅಗ್ರಿಪ್ಪಿನಾಳ ಮುಖವೂ ಇಲ್ಲ, ಹೆಸರೂ ಇಲ್ಲ. ನೀರೋ ಒಬ್ಬನೇ ಉಳಿಯುತ್ತಾನೆ. ಓಕ್ ಹಾರ, ಸೆನೆಟ್ಟಿನ ನಿರ್ಣಯದ ಉಲ್ಲೇಖ ಇವೆರಡೂ ಮುಂದುವರಿಯುತ್ತವೆ.

4

ಈ ನಾಲ್ಕು ನಾಣ್ಯಗಳನ್ನು ಸಾಲಾಗಿ ಇಟ್ಟ ಕೂಡಲೇ ಒಂದು ಸುಲಭವಾದ ಕಥೆ ತಾನಾಗಿ ಹೆಣೆದುಕೊಳ್ಳುತ್ತದೆ. ಚತುರ್ಥಿಯಲ್ಲಿದ್ದ ಹೆಣ್ಣು ಪ್ರಥಮೆಗೆ ಏರಿದಳು, ಮಗನನ್ನು ಚತುರ್ಥಿಗೆ ಇಳಿಸಿದಳು. ಮಗ ಮರುವರ್ಷವೇ ಪ್ರಥಮೆಯನ್ನು ಮರಳಿ ಪಡೆದು ತಾಯಿಯನ್ನು ಹಿಂಬದಿಗೆ ತಳ್ಳಿದನು ಎಂಬುದೇ ಆ ಕಥೆ. ನಾವೂ ಮೊದಲು ಹೀಗೆಯೇ ಓದಿದೆವೆಂಬುದನ್ನು ಒಪ್ಪಿಕೊಳ್ಳಬೇಕು. ಆದರೆ ಇದು ಸರಿಯಲ್ಲ.

ಚತುರ್ಥಿ ಕೀಳಾದ ವಿಭಕ್ತಿಯಲ್ಲ. ನಮ್ಮ ದಾನಶಾಸನಗಳಲ್ಲಿ ದೇವರಿಗೆ, ಬ್ರಾಹ್ಮಣರಿಗೆ, ಬಸದಿಗೆ ಎಂಬ ಚತುರ್ಥಿ ರೂಪಗಳು ಮಾನ್ಯತೆಯನ್ನು ಪಡೆಯುವವರನ್ನು ಸೂಚಿಸುತ್ತವೆ. ರೋಮನ್ ಗೌರವಶಾಸನಗಳಲ್ಲಿಯೂ ಹಾಗೆಯೇ. ಪ್ರತಿಮೆಯ ಪೀಠದ ಮೇಲೆ ಗೌರವಕ್ಕೆ ಪಾತ್ರರಾದವರ ಹೆಸರು ಚತುರ್ಥಿಯಲ್ಲಿರುವುದು ವಾಡಿಕೆ. ಓಕ್ ಹಾರ ರೋಮಿನಲ್ಲಿ ಪ್ರಜೆಗಳ ಪ್ರಾಣವನ್ನುಳಿಸಿದವನಿಗೆ ಸಲ್ಲುತ್ತಿದ್ದ ಗೌರವ. ಸೆನೆಟ್ ಅದನ್ನು 'ನೀರೋವಿಗೆ' ಕೊಟ್ಟಿದೆ ಎಂದು 54ರ ನಾಣ್ಯದ ಹಿಂಬದಿ ಹೇಳುತ್ತದೆ. ಇಲ್ಲಿ ಚತುರ್ಥಿ ಮಗನನ್ನು ಇಳಿಸುವುದಿಲ್ಲ, ಏರಿಸುತ್ತದೆ. ಅದೇ ನ್ಯಾಯವನ್ನು ಅನ್ವಯಿಸಿದರೆ ಕ್ಲಾಡಿಯಸನ ಕಾಲದ 'ಅಗ್ರಿಪ್ಪಿನಾಳಿಗೆ' ಎಂಬುದೂ ಅವಮಾನವಲ್ಲ, ಸಮರ್ಪಣೆ.

ಹಾಗಾದರೆ ವಿಭಕ್ತಿಗಳು ತಿಳಿಸುವುದೇನು? ಯಾರು ಮೇಲು, ಯಾರು ಕೀಳು ಎಂಬುದನ್ನಲ್ಲ. ಯಾರ ಮಾನ್ಯತೆ ಯಾವ ಮೂಲದಿಂದ ಬಂದಿದೆ ಎಂಬುದನ್ನು. 54ರ ನಾಣ್ಯದಲ್ಲಿ ನೀರೋ ಪಡೆಯುವವನು. ಆತನಿಗೆ ಕೊಡುವ ಸಂಸ್ಥೆಯ ಉಲ್ಲೇಖ ಅಲ್ಲಿಯೇ ಇದೆ. ಅಗ್ರಿಪ್ಪಿನಾಳಿಗೆ ಆಕೆಯ ಒಕ್ಕಣೆಯಲ್ಲಿ ಯಾರೂ ಏನನ್ನೂ ಕೊಡುತ್ತಿಲ್ಲ. ಆಕೆ ಏನಾಗಿದ್ದಾಳೋ ಅದಾಗಿದ್ದಾಳೆ, ತಾಯಿ. ಮಗನ ಅಧಿಕಾರ ನಿರ್ಣಯದಿಂದ ಬಂದದ್ದು, ತಾಯಿಯ ಸ್ಥಾನ ಸಂಬಂಧದಿಂದ ಬಂದದ್ದು. ನಿರ್ಣಯವನ್ನು ಬದಲಿಸಬಹುದು, ಹೊಸ ನಿರ್ಣಯಗಳನ್ನು ಸೇರಿಸಬಹುದು. ತಾಯ್ತನವನ್ನು ಬದಲಿಸಲಾಗದು, ಆದರೆ ಅದಕ್ಕೆ ಏನನ್ನೂ ಸೇರಿಸಲೂ ಆಗದು. 'ಕಾನ್ಸಲ್' ಎಂಬ ಪದ ಮಗನ ಬಿರುದಾವಳಿಗೆ ಮರುವರ್ಷವೇ ಸೇರುತ್ತದೆ, ಮುಂದೆ ವರ್ಷದಿಂದ ವರ್ಷಕ್ಕೆ ಆ ಪಟ್ಟಿ ಬೆಳೆಯುತ್ತ ಹೋಗುತ್ತದೆ. ತಾಯಿಯ ಒಕ್ಕಣೆ ಎರಡು ನಾಣ್ಯಗಳಲ್ಲಿಯೂ ಒಂದೇ. ಅದು ಬೆಳೆಯಲಾರದು. ಅಗ್ರಿಪ್ಪಿನಾಳ ಸ್ಥಾನದ ಬಲವೂ ಮಿತಿಯೂ ಇಲ್ಲಿದೆ ಎಂದು ನಮಗೆ ತೋರುತ್ತದೆ.

ಇನ್ನೊಂದು ಸೂಕ್ಷ್ಮವನ್ನು ಗಮನಿಸಬೇಕು. 'ದೀವಿ ಕ್ಲಾಡ್' ಎಂಬಲ್ಲಿ 'ಮಡದಿ' ಎಂಬ ಪದವಿಲ್ಲ. 'ಕ್ಲಾಡಿಯಸನ' ಎಂಬ ಷಷ್ಠಿ ಮಾತ್ರ ಇದೆ. ಉಳಿದದ್ದನ್ನು ಓದುಗ ತುಂಬಿಕೊಳ್ಳಬೇಕು. 'ತಾಯಿ' ಎಂಬ ಪದವನ್ನಾದರೋ ಒಂದಕ್ಷರವನ್ನೂ ಬಿಡದೆ ಕೊರೆಯಲಾಗಿದೆ. ಜಾಗದ ಅಭಾವದಿಂದ ಆಕೆಯ ಸ್ವಂತ ಹೆಸರನ್ನೇ ಮೊಟಕುಗೊಳಿಸಿದ ಕಂಡರಣೆಗಾರ, ಸಂಬಂಧವಾಚಕವನ್ನು ಮೊಟಕುಗೊಳಿಸಲಿಲ್ಲ. ಹೆಸರಿಗಿಂತ ನಂಟು ಮುಖ್ಯವಾದದ್ದು ಇಲ್ಲಿ ಕಣ್ಣಿಗೇ ಕಾಣುತ್ತದೆ.

55ರ ನಾಣ್ಯದಲ್ಲಿ ಒಕ್ಕಣೆ ಬದಲಾಗದಿದ್ದರೂ ಅದರ ಅರ್ಥ ಬದಲಾಗಿದೆ. 54ರಲ್ಲಿ ಆ ಒಕ್ಕಣೆಯ ನಡುವೆ ಇದ್ದದ್ದು ಮಗನ ಮುಖ. ಆದ್ದರಿಂದ 'ನೀರೋವಿನ ತಾಯಿ' ಎಂಬ ಭಾಗ ಚಿತ್ರದ ಬೆಂಬಲದಿಂದ ಬೆಳಗುತ್ತಿತ್ತು. 55ರಲ್ಲಿ ಅದೇ ಅಕ್ಷರಗಳ ನಡುವೆ ಆನೆಗಳ ರಥದಲ್ಲಿ ಕುಳಿತ ದೇವರಾದ ಗಂಡನಿದ್ದಾನೆ. ಈಗ ಬೆಳಗುವುದು 'ಕ್ಲಾಡಿಯಸನ' ಎಂಬ ಭಾಗ. ಜೀವಂತ ಚಕ್ರವರ್ತಿಯ ತಾಯಿಯಾಗಿದ್ದವಳು ದೇವರಾದ ಚಕ್ರವರ್ತಿಯ ವಿಧವೆಯಾಗಿ, ಆತನ ಅರ್ಚಕಿಯಾಗಿ ನೆಲೆಗೊಳ್ಳುತ್ತಾಳೆ. ಇದನ್ನು ಪತನವೆಂದು ಕರೆಯುವುದು ಕಷ್ಟ. ಆಕೆಯನ್ನು ಒಂದು ನಂಟಿನಿಂದ ಇನ್ನೊಂದು ನಂಟಿಗೆ ಸರಿಸಲಾಗಿದೆ ಎನ್ನುವುದು ಹೆಚ್ಚು ಸಮಂಜಸ. ಮಗನಿಗೂ ಈ ಚಿತ್ರ ಬೇಕಾಗಿತ್ತು. 'ದೇವರ ಮಗ' ಎಂಬ ಆತನ ಬಿರುದು ಆ ರಥವನ್ನೇ ಅವಲಂಬಿಸಿತ್ತು.

5

ಇಲ್ಲಿ ಟ್ಯಾಸಿಟಸನ ಪ್ರಶ್ನೆ ಎದುರಾಗುತ್ತದೆ. 55ರ ಆರಂಭದಲ್ಲಿ ಅಗ್ರಿಪ್ಪಿನಾಳ ಪ್ರಭಾವ ಕುಸಿಯಿತು, ಆಕೆಯ ಬೆಂಬಲಿಗನಾದ ಪಲ್ಲಾಸನನ್ನು ಅಧಿಕಾರದಿಂದ ಇಳಿಸಲಾಯಿತು, ಕ್ಲಾಡಿಯಸನ ಸ್ವಂತ ಮಗ ಬ್ರಿಟಾನಿಕಸ್ ಸತ್ತನು, ಆಕೆಯನ್ನು ಅರಮನೆಯಿಂದ ಬೇರೆ ಮನೆಗೆ ಕಳಿಸಲಾಯಿತು ಎಂದು ಆತ ಬರೆಯುತ್ತಾನೆ. ನಾಣ್ಯಗಳ ಕ್ರಮ ಇದಕ್ಕೆ ಹೊಂದಿಕೊಳ್ಳುತ್ತದೆ. ಹಾಗಾಗಿ ನಾಣ್ಯಗಳು ಟ್ಯಾಸಿಟಸನನ್ನು ಸಮರ್ಥಿಸುತ್ತವೆ ಎಂದು ಅನೇಕರು ಬರೆದಿದ್ದಾರೆ.

ಇದರಲ್ಲಿ ಅರ್ಧ ಸತ್ಯವಿದೆ. ನಾಣ್ಯಗಳ ಅನುಕ್ರಮ ಖಚಿತ. ಅದನ್ನು ಬಿರುದುಗಳೇ ತಿಳಿಸುತ್ತವೆ. ಆದರೆ ಬದಲಾವಣೆಯ ಕಾರಣವನ್ನು ನಾಣ್ಯ ತಿಳಿಸುವುದಿಲ್ಲ. ಕಾರಣವನ್ನು ನಾವು ಟ್ಯಾಸಿಟಸನಿಂದ ಕಡ ತಂದು ನಾಣ್ಯದೊಳಗೆ ಇಡುತ್ತೇವೆ. ಆಮೇಲೆ ನಾಣ್ಯದೊಳಗಿಂದ ಅದನ್ನೇ ತೆಗೆದು ಟ್ಯಾಸಿಟಸ್ ಹೇಳಿದ್ದು ನಿಜವೆಂದು ಸಾರುತ್ತೇವೆ. ಇದು ಚಕ್ರಕ ದೋಷ. ಹದಿನಾರರ ಹುಡುಗ ಪಟ್ಟಕ್ಕೆ ಬಂದ ಮೊದಲ ವಾರಗಳಲ್ಲಿ ಆತನ ವಂಶದ ಹಕ್ಕನ್ನು ಸ್ಥಾಪಿಸಲು ತಾಯಿಯ ಮುಖ ಅನಿವಾರ್ಯವಾಗಿತ್ತು, ಕಾನ್ಸಲ್ ಪದವಿ ದೊರೆತ ಮೇಲೆ ಆ ಅನಿವಾರ್ಯತೆ ತಗ್ಗಿತು ಎಂದೂ ಇದೇ ನಾಣ್ಯಗಳನ್ನು ವಿವರಿಸಬಹುದು. ಅಗ್ರಿಪ್ಪಿನಾಳ ರಕ್ತದಲ್ಲಿ ಅಗಸ್ಟಸ್ ಇದ್ದನು. ದತ್ತುತಂದೆ ಕ್ಲಾಡಿಯಸನಲ್ಲಿ ಇರಲಿಲ್ಲ. ಅಗಸ್ಟಸನವರೆಗೆ ರಕ್ತದ ಎಳೆಯನ್ನು ಹಿಡಿಯಲು ನೀರೋವಿಗೆ ತಾಯಿಯ ಕಡೆಯಿಂದಲೇ ಹೋಗಬೇಕಾಗಿತ್ತು. ಈ ವಿವರಣೆಯೇ ಸರಿಯೆಂದು ನಾವು ಹಠ ಹಿಡಿಯುವುದಿಲ್ಲ. ಎರಡೂ ವಿವರಣೆಗಳಿಗೆ ನಾಣ್ಯ ಎಡೆಗೊಡುತ್ತದೆ, ಆದುದರಿಂದ ಅದು ಯಾವುದೊಂದಕ್ಕೂ ಸಾಕ್ಷಿಯಾಗಲಾರದು ಎಂಬುದಷ್ಟೇ ನಮ್ಮ ಮಾತು.

ಎರಡನೆಯ ಪಂಥದವರಿಗೂ ಇದೇ ಎಚ್ಚರಿಕೆ ಸಲ್ಲುತ್ತದೆ. ಪ್ರಥಮಾ ವಿಭಕ್ತಿ ಕಂಡ ಮಾತ್ರಕ್ಕೆ ಅದು ಅಗ್ರಿಪ್ಪಿನಾಳ ದನಿ ಎಂದು ತಿಳಿಯುವಂತಿಲ್ಲ. ಕರ್ತೃಪದವಾಗಿರುವುದು ಬೇರೆ, ಒಕ್ಕಣೆಯ ಕರ್ತೃವಾಗಿರುವುದು ಬೇರೆ. ಈ ಅಕ್ಷರಗಳನ್ನು ಆರಿಸಿದವರು ಟಂಕಸಾಲೆಯ ಮೇಲೆ ಅಧಿಕಾರವಿದ್ದವರು. ಅವರ ನಿರ್ಧಾರದಲ್ಲಿ ಆಕೆಯ ಪಾಲು ಎಷ್ಟೆಂಬುದು ಬಿಲ್ಲೆಯ ಮೇಲೆ ಬರೆದಿಲ್ಲ. ಆಕೆಯ ದನಿ ಇದ್ದದ್ದು ಕಳೆದುಹೋದ ಆ ವೃತ್ತಾಂತದಲ್ಲಿ. ಆ ಕೊರತೆಯನ್ನು ನಾಣ್ಯದಿಂದ ತುಂಬಿಕೊಳ್ಳಲು ಹೊರಟರೆ, ನಾವು ಆಕೆಗೆ ನ್ಯಾಯ ಒದಗಿಸುವುದಿಲ್ಲ. ಅರಮನೆಯ ಪ್ರಕಟಣೆಯನ್ನು ಆಕೆಯ ಆತ್ಮಕಥೆಯೆಂದು ಓದಿದಂತಾಗುತ್ತದೆ.

ಒಂದು ಹೋಲಿಕೆ ಇಲ್ಲಿ ಉಪಯುಕ್ತ. ಇಂದಿನ ತುರ್ಕಿಯಲ್ಲಿರುವ ಅಫ್ರೋಡಿಸಿಯಸ್ ನಗರದ ಸೆಬಾಸ್ಟಿಯಾನ್ ಎಂಬ ರಾಜಾರಾಧನೆಯ ಸಂಕೀರ್ಣದಲ್ಲಿ ದೊರೆತ ಉಬ್ಬುಶಿಲ್ಪವೊಂದರಲ್ಲಿ ಅಗ್ರಿಪ್ಪಿನಾ ಒಂದು ಕೈಯಲ್ಲಿ ಸಮೃದ್ಧಿಯ ಕೊಂಬನ್ನು ಹಿಡಿದು, ಇನ್ನೊಂದು ಕೈಯಿಂದ ನೀರೋವಿನ ತಲೆಗೆ ಎಲೆಗಳ ಕಿರೀಟವನ್ನು ತೊಡಿಸುತ್ತಿದ್ದಾಳೆ. ದೂರದ ಪ್ರಾಂತ್ಯದ ಶಿಲ್ಪಿ ಸಂಕೋಚವಿಲ್ಲದೆ ಹೇಳಿದ್ದನ್ನು ರೋಮಿನ ಅಧಿಕೃತ ನಾಣ್ಯ ಹೇಳುವುದಿಲ್ಲ. ನಾಣ್ಯದಲ್ಲಿ ಹಾರವನ್ನು ಕೊಡುವುದು ಸೆನೆಟ್. ತಾಯಿ ಮಗನನ್ನು ನೋಡುತ್ತಿದ್ದಾಳೆ, ಅಷ್ಟೇ. ಆಕೆಗೆ ಅತ್ಯುನ್ನತ ಗೌರವವನ್ನು ಕೊಟ್ಟ ಕ್ಷಣದಲ್ಲಿಯೂ ಅಧಿಕೃತ ಭಾಷೆ 'ಕೊಡುವವಳು' ಎಂಬ ಕ್ರಿಯಾಪದವನ್ನು ಆಕೆಗೆ ಕೊಡಲಿಲ್ಲ.

6

ಈ ವಿವೇಚನೆ ದೂರದ ರೋಮಿಗೆ ಮಾತ್ರ ಸಂಬಂಧಿಸಿದ್ದಲ್ಲ. ದಕ್ಷಿಣ ಭಾರತದ ರೋಮನ್ ನಾಣ್ಯನಿಧಿಗಳಲ್ಲಿ ಅಗಸ್ಟಸ್ ಮತ್ತು ಟೈಬೀರಿಯಸರ ಬೆಳ್ಳಿಯ ದೀನಾರಿಯಸ್‌ಗಳೇ ಹೆಚ್ಚು. ಚಿತ್ರದುರ್ಗದ ಚಂದ್ರವಳ್ಳಿಯ ಉತ್ಖನನದಲ್ಲಿಯೂ ಈ ಇಬ್ಬರ ನಾಣ್ಯಗಳು ದೊರೆತಿವೆ. ಟೈಬೀರಿಯಸನ ಅತಿ ಸಾಮಾನ್ಯವಾದ ದೀನಾರಿಯಸಿನ ಹಿಂಬದಿಯಲ್ಲಿ ದಂಡವನ್ನೂ ಕೊಂಬೆಯನ್ನೂ ಹಿಡಿದು ಕುಳಿತ ಸ್ತ್ರೀಯೊಬ್ಬಳಿದ್ದಾಳೆ. ಅನೇಕ ಸೂಚಿಗಳಲ್ಲಿ ಆಕೆಯನ್ನು ಚಕ್ರವರ್ತಿಯ ತಾಯಿ ಲಿವಿಯಾ ಎಂದು ನಮೂದಿಸಲಾಗಿದೆ. ಆದರೆ ಆ ಹಿಂಬದಿಯ ಒಕ್ಕಣೆ 'ಮಹಾಪುರೋಹಿತ' ಎಂಬರ್ಥದ ಟೈಬೀರಿಯಸನದೇ ಬಿರುದು. ಕುಳಿತವಳ ಹೆಸರು ಪ್ರಥಮೆಯಲ್ಲಿಯೂ ಇಲ್ಲ, ಷಷ್ಠಿಯಲ್ಲಿಯೂ ಇಲ್ಲ, ಚತುರ್ಥಿಯಲ್ಲಿಯೂ ಇಲ್ಲ. ಆಕೆ ಶಾಂತಿದೇವತೆಯೂ ಆಗಿರಬಹುದು, ದೇವತೆಯ ವೇಷದ ಲಿವಿಯಾಳೂ ಆಗಿರಬಹುದು. ಹೆಸರಿಲ್ಲದ ಆಕೃತಿಗೆ ಸೂಚಿಕಾರರು ಹೆಸರಿಟ್ಟಾಗ ಆ ಹೆಸರು ನಾಣ್ಯದ್ದಲ್ಲ, ಸೂಚಿಕಾರರದು.

ಈ ಬಿಲ್ಲೆಯ ಪಕ್ಕದಲ್ಲಿ ಇಟ್ಟು ನೋಡಿದಾಗ 54ರ ನಾಣ್ಯದ ವೈಶಿಷ್ಟ್ಯ ಸ್ಪಷ್ಟವಾಗುತ್ತದೆ. ಅದರಲ್ಲಿ ತೆನೆಯ ಕಿರೀಟವಿಲ್ಲ, ದೇವತೆಯ ವೇಷವಿಲ್ಲ. ತನ್ನ ಮುಖ, ತನ್ನ ಹೆಸರು, ಪ್ರಥಮಾ ವಿಭಕ್ತಿಯ 'ತಾಯಿ' ಎಂಬ ಪದ ಇವಿಷ್ಟರಿಂದಲೇ ಹೆಣ್ಣೊಬ್ಬಳು ರೋಮನ್ ನಾಣ್ಯದ ಮುಂಬದಿಯಲ್ಲಿ ನಿಂತಿದ್ದಾಳೆ. ಅದು ಕೆಲವೇ ತಿಂಗಳುಗಳ ಮಾತಾಗಿದ್ದರೂ ಅಲ್ಪವೇನಲ್ಲ. ಆದರೆ ಆಕೆಯನ್ನು ಅಲ್ಲಿಗೆ ತಂದ ಪದವೇ ಆಕೆಯನ್ನು ಅಲ್ಲಿ ಉಳಿಸಲಾರದೆ ಹೋಯಿತು. ಮಗ ಒಪ್ಪಿಕೊಳ್ಳುವವರೆಗೆ ಮಾತ್ರ ತಾಯ್ತನ ಒಂದು ಪದವಿ.

ಕೊನೆಯಲ್ಲಿ ಒಂದು ಕಾರ್ಯಸೂಚನೆ. ಹೊರನಾಡಿನ ನಮ್ಮ ಸಂಶೋಧಕರಿಗೆ ಮುಂಬಯಿ, ಚೆನ್ನೈ, ಹೈದರಾಬಾದು, ದೆಹಲಿಗಳ ವಸ್ತುಸಂಗ್ರಹಾಲಯಗಳು ಹತ್ತಿರದಲ್ಲಿವೆ. ಅಲ್ಲಿನ ರೋಮನ್ ನಾಣ್ಯಗಳನ್ನು ನೋಡುವಾಗ, ಅವುಗಳ ಚಿತ್ರಗಳನ್ನು ಪ್ರಕಟಿಸುವಾಗ, ಎರಡೂ ಬದಿಗಳನ್ನು ಒಟ್ಟಿಗೆ ಕೊಡಬೇಕು. ಒಕ್ಕಣೆಯನ್ನು ವಿಭಕ್ತಿಸಹಿತ ಅನುವಾದಿಸಬೇಕು. ಮುಂಬದಿಯನ್ನಷ್ಟೇ ಅಚ್ಚುಮಾಡಿದವರು ಅಗ್ರಿಪ್ಪಿನಾಳನ್ನು ಸಾಮ್ರಾಜ್ಞಿಯನ್ನಾಗಿ ಮಾಡಿದರು. ಟ್ಯಾಸಿಟಸನನ್ನಷ್ಟೇ ಓದಿದವರು ಆಕೆಯನ್ನು ರಾಕ್ಷಸಿಯನ್ನಾಗಿ ಮಾಡಿದರು. ನಾಣ್ಯ ಹೇಳುವುದು ಇವೆರಡಕ್ಕಿಂತ ಕಡಿಮೆ. ಅಷ್ಟನ್ನು ಸರಿಯಾಗಿ ಕೇಳಿಸಿಕೊಳ್ಳುವುದು ನಮ್ಮ ಮೊದಲ ಕರ್ತವ್ಯ.